ಬೆಣ್ಣೆಯಿಂದ ದೋಸೆಗೆ ನಡುವೆ ಒಂದೇ ಪದ

ನಮಸ್ಕಾರ. ಇದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯ ತಾರಸಿ. ಭಾನುವಾರ, ಸಂಜೆ ಐದೂವರೆ. ಚಾಪೆ ಹಾಸಿದ್ದೇವೆ. ಪರಾತದ ತುಂಬ ಖಾರ ಮಂಡಕ್ಕಿ ಇದೆ, ಪಕ್ಕದ ತಟ್ಟೆಯಲ್ಲಿ ಬಿಸಿ ಮಿರ್ಚಿ. ನಮ್ಮ ಬೀದಿಯ ಹನ್ನೊಂದು ಮಕ್ಕಳು ಬಂದಿದ್ದಾರೆ. ಕರಿ ಹಲಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತವರು ನಮ್ಮ ಅಪ್ಪ.

ಅಪ್ಪನ ತೊಡೆ ಮೇಲಿರುವ ಡಬ್ಬಿಯನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಒಳಗೆ ಇರುವುದು ಹುಣಸೆ ಬೀಜ. ಮುಟ್ಟಿ ಮುಟ್ಟಿ ನುಣುಪಾಗಿವೆ. ಕೆಲವಕ್ಕೆ ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುತ್ತದೆ. ನಮ್ಮ ಮನೆಯಲ್ಲಿ ಇವೇ ಅಂಕಗಳು. ಇಪ್ಪತ್ತು ವರ್ಷ ದಾಟಿದ ಬೀಜಗಳು.

2002ರ ಜನವರಿಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ಶುರುವಾಯಿತು. ನಿಮಗೂ ನೆನಪಿರುತ್ತದೆ, ಅಲ್ವಾ? ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಿದ್ದರು. ಓದಿದ್ದು ವೈದ್ಯಕೀಯ, ಆದರೆ ಮಾತಿಗೆ ನಿಂತರೆ ಎಷ್ಟು ಚೆಂದದ ಕನ್ನಡ! ಸರಿಯಾದ ಉತ್ತರ ಹೇಳಿದವರ ಕೈಗೆ ಪುಸ್ತಕ ಬರುತ್ತಿತ್ತು. ದುಡ್ಡಿಲ್ಲ, ಕಾರಿಲ್ಲ, ಪುಸ್ತಕ. ನನಗೆ ಆಗಲೂ ಇದೇ ಸರಿಯಾದ ಬಹುಮಾನ ಅನ್ನಿಸುತ್ತಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಆಮೇಲೆ ಸಾವಿರಾರು ಕಂತುಗಳು ಬಂದವು. ಅಷ್ಟೂ ಪುಸ್ತಕಗಳು ಯಾರ್ಯಾರ ಮನೆಯ ಗೂಡು ಸೇರಿದವೋ, ನೆನೆಸಿಕೊಂಡರೆ ಖುಷಿಯಾಗುತ್ತದೆ.

ಅಪ್ಪನದು ಕಿರಾಣಿ ಅಂಗಡಿ. ರಾತ್ರಿ ಶಟರ್ ಎಳೆದು ಮನೆಗೆ ಬಂದು, ಕೈಕಾಲು ತೊಳೆದು, ಟಿವಿ ಮುಂದೆ ಕೂರುತ್ತಿದ್ದರು. ಅಂಗಡಿಯಿಂದಲೇ ಒಂದು ಹಿಡಿ ಹುಣಸೆ ಬೀಜ ತಂದಿಟ್ಟಿದ್ದರು. ಟಿವಿಯಲ್ಲಿರುವವರಿಗಿಂತ ಮೊದಲು ನಾವು ಉತ್ತರ ಹೇಳಿದರೆ ಒಂದು ಬೀಜ. ಅಮ್ಮನೂ ಆಟಕ್ಕಿದ್ದಳು. ಅಡುಗೆಮನೆಯಿಂದಲೇ ಉತ್ತರ ಕೂಗುತ್ತಿದ್ದಳು. ತಿಂಗಳ ಕೊನೆಗೆ ಜಾಸ್ತಿ ಬೀಜ ಇದ್ದವರಿಗೆ ಅಪ್ಪ ಒಂದು ಪುಸ್ತಕ ಕೊಡಿಸುತ್ತಿದ್ದರು. ಅಮ್ಮ ಗೆದ್ದದ್ದೇ ಹೆಚ್ಚು.

ಕಾರ್ಯಕ್ರಮ ಇಲ್ಲದ ದಿನ ಅಪ್ಪ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಚೌಕ ಎಳೆದು ಪದದಾಟ ಆಡಿಸುತ್ತಿದ್ದರು. ಅದೇ ಆಟ ಈಗ ತಾರಸಿಗೆ ಬಂದಿದೆ.

ಇವತ್ತಿನ ಮೊದಲ ಪ್ರಶ್ನೆ ಕೇಳಿ. “ದಾವಣಗೆರೆ ದೊಡ್ಡದೋ, ಚಿತ್ರದುರ್ಗ ದೊಡ್ಡದೋ?” ಮಕ್ಕಳು ಊರಿನ ಲೆಕ್ಕಕ್ಕೆ ಹೋದರು. ಒಬ್ಬ ಹುಡುಗ 1997ರ ತನಕ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು ಅಂತ ಹೇಳಿದ. ನಿಜ, ಅದಕ್ಕೂ ಒಂದು ಬೀಜ ಸಿಕ್ಕಿತು. ಆದರೆ ಅಪ್ಪ ಕೇಳಿದ್ದು ಪದದ ಉದ್ದ. ಇಂಗ್ಲಿಷಿನಲ್ಲಿ ಬರೆದರೆ ಚಿತ್ರದುರ್ಗಕ್ಕೆ ಹನ್ನೊಂದು ಅಕ್ಷರ, ದಾವಣಗೆರೆಗೆ ಹತ್ತು. ಕನ್ನಡದ ಚೌಕದಲ್ಲಿ ಕೂರಿಸಿ ನೋಡಿ. ಚಿ, ತ್ರ, ದು, ರ್ಗ. ನಾಲ್ಕೇ ಮನೆ. ದಾ, ವ, ಣ, ಗೆ, ರೆ. ಐದು ಮನೆ. ನಮ್ಮೂರೇ ಉದ್ದ!

ನನಗೆ ಕನ್ನಡದ ಪದದಾಟದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಒತ್ತಕ್ಷರ ಇರಲಿ, ಗುಣಿತ ಇರಲಿ, ಬಾಯಲ್ಲಿ ಒಟ್ಟಿಗೆ ಬಂದದ್ದು ಒಂದೇ ಮನೆಯಲ್ಲಿ ಕೂರುತ್ತದೆ. ಕಿಟಕಿ, ಗದಗ, ನವಜೀವನ, ವಿಕಟಕವಿ. ಇವನ್ನು ಹಿಂದಿನಿಂದ ಓದಿದರೂ ಅವೇ. ಹೀಗೆ ಓದುವಾಗ ಯಾರೂ ‘ಕಿ’ಯನ್ನು ಒಡೆದು ಗುಡಿಸು ಬೇರೆ ಮಾಡುವುದಿಲ್ಲ. ಸುಮ್ನೆ ಬಾಯಿಗೆ ಬಂದಂತೆ ಎಣಿಸಿದರೆ ಸಾಕು.

ಈಗ ನೋಡಿ, ಹಲಗೆ ಮೇಲೆ ‘ಬೆಣ್ಣೆ’ ಅಂತ ಬರೆದರು. ಕೆಳಗೆ ‘ದೋಸೆ’. ಒಂದು ಸಲಕ್ಕೆ ಒಂದು ಮನೆ ಮಾತ್ರ ಬದಲಿಸಬೇಕು. ನಡುವೆ ಬರುವುದಕ್ಕೂ ಅರ್ಥ ಇರಬೇಕು. ಬೆಣ್ಣೆಯಿಂದ ದೋಸೆಗೆ ಬನ್ನಿ.

ಮಂಡಕ್ಕಿ ತಿನ್ನುವ ಸದ್ದೇ ನಿಂತುಹೋಯಿತು.

ಒಬ್ಬ ಎದ್ದು ನಿಂತ. “ತಾತ, ದೊಣ್ಣೆ! ಬೆಣ್ಣೆ, ದೊಣ್ಣೆ, ದೋಸೆ!” ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ತಟ್ಟಲಿಲ್ಲ. “ಮತ್ತೊಂದ್ಸಲ ನಿಧಾನಕ್ಕೆ ಹೇಳಪ್ಪ” ಅಂದರು. ಅವನು ಹೇಳಿದ. ದೊಣ್ಣೆ... ದೋಸೆ... ಹೇಳುತ್ತಲೇ ಅವನಿಗೆ ಗೊತ್ತಾಯಿತು. ‘ದೊ’ ಗಿಡ್ಡ, ‘ದೋ’ ಉದ್ದ. ದೊಣ್ಣೆಯಿಂದ ದೋಸೆಗೆ ಹೋಗಲು ಎರಡೂ ಮನೆ ಬದಲಿಸಬೇಕು. ತಪ್ಪು ಅಂತ ಯಾರೂ ಹೇಳಬೇಕಾಗಲಿಲ್ಲ. ಅವನ ಕಿವಿಯೇ ಹೇಳಿತು.

ಆಮೇಲೆ ಮೂಲೆಯಲ್ಲಿ ಕೂತಿದ್ದ ಐದನೇ ಕ್ಲಾಸಿನ ಹುಡುಗಿ ಮೆಲ್ಲಗೆ ಕೇಳಿದಳು, “ತಾತ, ಬೆಸೆ ಅನ್ನಬಹುದಾ? ನಮ್ಮಪ್ಪ ವೆಲ್ಡಿಂಗ್ ಅಂಗಡೀಲಿ ಕಬ್ಬಿಣ ಬೆಸೀತಾರೆ.”

ಬೆಣ್ಣೆ. ಬೆಸೆ. ದೋಸೆ.

ಅಪ್ಪ ಡಬ್ಬಿಯಿಂದ ಒಂದಲ್ಲ, ಐದು ಬೀಜ ತೆಗೆದು ಅವಳ ಅಂಗೈಗೆ ಹಾಕಿದರು. ಆ ಅಂಗೈ ನೋಡಿ. ಹಿಡಿದುಕೊಂಡಿರುವ ಬಿಗಿ ನೋಡಿ. ಈ ಊರಲ್ಲಿ ಬೆಣ್ಣೆ ದೋಸೆ ಅಂತ ದಿನಕ್ಕೆ ಎಷ್ಟು ಸಲ ಅನ್ನುತ್ತೇವೆ! ಎರಡೂ ಪದಗಳ ನಡುವೆ ‘ಬೆಸೆ’ ಇದೆ ಅಂತ ನಮ್ಮ ಬೀದಿಗೆ ತೋರಿಸಿಕೊಟ್ಟವಳು ಅವಳು.

ಕತ್ತಲಾದಾಗ ಬೀಜ ಎಣಿಸಿದೆವು. ಅವಳದು ಒಂಬತ್ತು, ಎಲ್ಲರಿಗಿಂತ ಜಾಸ್ತಿ. ಮೂರು ಪುಸ್ತಕ ಮುಂದಿಟ್ಟೆವು. ಅವಳು ಮೂರನ್ನೂ ಮೂಸಿ ನೋಡಿ, ದಪ್ಪನೆಯದನ್ನು ಎತ್ತಿಕೊಂಡಳು.

ಮುಂದಿನ ವಾರಕ್ಕೆ ಅಪ್ಪ ಈಗಲೇ ಪ್ರಶ್ನೆ ಬರೆದಿಟ್ಟಿದ್ದಾರೆ. ಈ ಸಲ ಚಿತ್ರದುರ್ಗದ್ದು. ಮಕ್ಕಳು ಅದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಮೆಟ್ಟಿಲು ಇಳಿದರು. ನೀವೂ ಒಂದು ಕೈ ನೋಡಿ. ಮೇಲೆ ‘ಕಲ್ಲು’, ಕೆಳಗೆ ‘ಕೋಟೆ’. ನಡುವೆ ಒಂದೇ ಪದ. ಶಿಲ್ಪಿಗಳು ದಿನಾ ಮಾಡುವ ಕೆಲಸ.