ಬ್ಲೀಚಿಂಗ್ ವಾಸನೆ ಬಂದರೆ ಸಾಕೇ?

ನಲ್ಲಿ ತಿರುಗಿಸಿದೊಡನೆ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಸಮಾಧಾನ. ‘ಇವತ್ತು ಔಷಧಿ ಹಾಕಿದ್ದಾರೆ’ ಎನ್ನುತ್ತಾರೆ ಅಮ್ಮ. ಆ ಸಮಾಧಾನಕ್ಕೆ ಇವತ್ತು ನಾನು ಸ್ವಲ್ಪ ಹುಳಿ ಹಿಂಡುತ್ತೇನೆ.

1993ರ ಏಪ್ರಿಲ್ ಮೊದಲ ವಾರ. ಅಮೆರಿಕದಲ್ಲಿ ಮಿಶಿಗನ್ ಸರೋವರದ ದಡದಲ್ಲಿರುವ ಮಿಲ್ವಾಕಿ ನಗರ. ಔಷಧಿ ಅಂಗಡಿಗಳಲ್ಲಿ ಭೇದಿ ನಿಲ್ಲಿಸುವ ಮಾತ್ರೆ ಖಾಲಿ. ಶಾಲೆಗೆ ಮಕ್ಕಳೂ ಬರಲಿಲ್ಲ, ಮೇಷ್ಟರೂ ಬರಲಿಲ್ಲ. ಆಸ್ಪತ್ರೆಯ ಸಿಬ್ಬಂದಿಯೇ ರಜೆ. 7ರ ಸಂಜೆ ಮೇಯರ್ ಜಾನ್ ನಾರ್ಕ್ವಿಸ್ಟ್ ನೀರು ಕುದಿಸಿ ಕುಡಿಯಿರಿ ಎಂದರು. ಅಷ್ಟು ಹೊತ್ತಿಗೆ ಊರು ವಾರಗಟ್ಟಲೆ ಆ ನೀರನ್ನು ಕುಡಿದಾಗಿತ್ತು. ಕಾಯಿಲೆ ಬಿದ್ದವರು ಅಂದಾಜು 4,03,000. ಸತ್ತವರು 50ಕ್ಕೂ ಹೆಚ್ಚು. ಬಹುಪಾಲು ಏಡ್ಸ್‌ನಿಂದ ಮೊದಲೇ ಸೊರಗಿದ್ದವರು.

ಕಾರಣ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ. ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು ಗಾತ್ರ, ಮೇಲೆ ಗಟ್ಟಿ ಕವಚ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಇದಕ್ಕೆ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಕುದಿಸಿದರೆ ಸಾಯುತ್ತದೆ. ಊರಿಗೆಲ್ಲ ಹರಿಸುವ ನೀರನ್ನು ಕುದಿಸುವುದು ಆಗದ ಮಾತು, ಆದ್ದರಿಂದ ಮುಖ್ಯವಾಗಿ ಸೋಸಿ ತಡೆಯಬೇಕು. ನಮ್ಮ ಅಜ್ಜಿಯರು ಕೊಡದ ನೀರಿನಲ್ಲಿ ಪಟಿಕ ತಿರುಗಿಸುತ್ತಿದ್ದರಲ್ಲ, ಶುದ್ಧೀಕರಣ ಘಟಕದಲ್ಲಿ ನಡೆಯುವುದೂ ಅದೇ: ಕಣಗಳನ್ನು ಗಂಟು ಕಟ್ಟಿಸಿ ತಳಕ್ಕೆ ಇಳಿಸುವುದು, ಉಳಿದದ್ದನ್ನು ಮರಳಿನಲ್ಲಿ ಹಿಡಿಯುವುದು. ಮಿಲ್ವಾಕಿಯವರು ಕೆಲವು ತಿಂಗಳ ಹಿಂದಷ್ಟೇ ಪಟಿಕ ಬಿಟ್ಟು ಬೇರೆ ರಾಸಾಯನಿಕ ಹಿಡಿದಿದ್ದರು. ಸರೋವರದ ನೀರು ಕದಡಿದಾಗ ಅದರ ಹದ ಸಿಕ್ಕಲಿಲ್ಲ.

ನನ್ನನ್ನು ಕಾಡುವುದು ಒಂದು ಅಂಕಿ. ನೀರಿನ ಕದಡನ್ನು ಎನ್‌ಟಿಯು ಎಂಬ ಮಾನದಲ್ಲಿ ಅಳೆಯುತ್ತಾರೆ. ದಕ್ಷಿಣದ ಘಟಕದಿಂದ ಹೊರಟ ನೀರಿನಲ್ಲಿ ಹತ್ತು ವರ್ಷ 0.4 ದಾಟದಿದ್ದ ಕದಡು ಮಾರ್ಚ್ 28 ಮತ್ತು 30ರಂದು 1.7 ಮುಟ್ಟಿತು. ಲೋಟದಲ್ಲಿ ಹಿಡಿದು ನೋಡಿದರೆ ಅದು ತಿಳಿನೀರೇ. ಬ್ಯಾಕ್ಟೀರಿಯಾ ಪರೀಕ್ಷೆಯಲ್ಲೂ ನೀರು ಪಾಸು! ಈಗ ಕುಡಿಯುವ ನೀರಿಗೆ ನಮ್ಮ ದೇಶದಲ್ಲಿರುವ ಐಎಸ್ 10500 ಮಾನದಂಡ ತೆಗೆದು ನೋಡಿ: ಕದಡು 1 ಇದ್ದರೆ ಒಳ್ಳೆಯದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 5ರವರೆಗೂ ನಡೆಯುತ್ತದೆ. ಅಂದರೆ ಒಂದು ನಗರವನ್ನೇ ಮಲಗಿಸಿದ ಆ 1.7 ನಮ್ಮಲ್ಲಿ ಕಾಗದದ ಮೇಲೆ ದಕ್ಕಿಬಿಡುತ್ತದೆ.

ಸಾಕ್ಷ್ಯ ಸಿಕ್ಕ ಬಗೆಯೂ ವಿಚಿತ್ರ. ಹರಿದುಹೋದ ನೀರನ್ನು ಹಿಂದಕ್ಕೆ ತರುವುದು ಹೇಗೆ? ಅದೇ ದಿನಗಳಲ್ಲಿ ನಗರದ ದಕ್ಷಿಣ ಭಾಗದಲ್ಲಿ ತಯಾರಾಗಿದ್ದ ಐಸ್ ಉಳಿದಿತ್ತು. ಅದನ್ನು ಕರಗಿಸಿ ನೋಡಿದರೆ ಪರಾವಲಂಬಿ ಅಲ್ಲೇ ಕುಳಿತಿತ್ತು. ಮೊದಲು ಅನುಮಾನ ಬಿದ್ದದ್ದು ಹೈನುಗಾರರ ದನಗಳ ಮೇಲೆ. ಆಮೇಲಿನ ವಂಶವಾಹಿ ಪರೀಕ್ಷೆ ಬೊಟ್ಟು ಮಾಡಿದ್ದು ಮನುಷ್ಯರ ಮಲದ ಕಡೆಗೆ. ಪಾಪ, ದನಗಳು.

ಬಟ್ಟೆಯಲ್ಲಿ ಸೋಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಉತ್ತರ ಕರ್ನಾಟಕದಲ್ಲಿ ನಾರುಹುಣ್ಣು ಕಾಡುತ್ತಿದ್ದ ಕಾಲಕ್ಕೆ ಅದು ಸಾಕಾಗಿತ್ತು, ಏಕೆಂದರೆ ಆ ಕಾಯಿಲೆ ತರುವ ಹುಳುವಿನ ಮರಿ ಅಡಗುತ್ತಿದ್ದ ನೀರುಚಿಗಟ ಎಂಬ ಪುಟ್ಟ ಜೀವಿ ಬಟ್ಟೆಗೆ ಸಿಕ್ಕಿಬೀಳುವಷ್ಟು ದೊಡ್ಡದು. ಈ ಕ್ರಿಪ್ಟೊ ಬಟ್ಟೆಯ ಎಳೆಗಳ ನಡುವೆ ರಾಜಾರೋಷವಾಗಿ ನುಸುಳುತ್ತದೆ.

ನಾನು ಕೇಳುವುದು ಇಷ್ಟೇ. ಜಲಾಶಯದ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ, ಚಿನ್ನದ ಬೆಲೆ ಬರುತ್ತದೆ. ನಿನ್ನೆ ಸೋಸಿ ಬಿಟ್ಟ ನೀರಿನ ಕದಡು ಎಷ್ಟಿತ್ತು ಎಂಬ ಒಂದು ಅಂಕಿಯೂ ಬರಲಿ. ಮೊನ್ನೆ ನೀರಿನ ಬಿಲ್ ಕಟ್ಟಲು ಹೋದಾಗ ಕೌಂಟರಿನಲ್ಲಿ ಇದನ್ನೇ ಕೇಳಿದೆ. ಆತ ಕನ್ನಡಕ ಮೇಲೇರಿಸಿ ನನ್ನನ್ನು ನೋಡಿ, ‘ಕ್ಲೋರಿನ್ ಹಾಕುತ್ತೇವಲ್ಲ ಸಾರ್, ವಾಸನೆ ಬರುವುದಿಲ್ಲವೇ?’ ಎಂದ.