ತೂಕ ನೋಡಿದೆವು, ಕೆಲಸ ಕೇಳಲಿಲ್ಲ

ಎಲ್ಲರಿಗೂ ನಮಸ್ಕಾರ. ಪೀಣ್ಯ, ಲಗ್ಗೆರೆ, ದಾಸರಹಳ್ಳಿ ಕಡೆಯಿಂದ ಇರುವ ಒಂದೇ ಒಂದು ಭಾನುವಾರವನ್ನು ಬಿಟ್ಟುಕೊಟ್ಟು ಬಂದಿದ್ದೀರಿ. ರಿಟೈರ್ ಆದ ಅಕ್ಕಂದಿರು, ಅಣ್ಣಂದಿರು ಮುಂದೆ ಕೂತಿದ್ದೀರಿ. ಪರ್ಸನಲ್ ಡಿಪಾರ್ಟ್‌ಮೆಂಟಿನವರೂ ಕೆಲವರು ಬಂದಿದ್ದೀರಿ. ನೀವು ಬಂದದ್ದು ನನಗೆ ತುಂಬ ಖುಷಿ. ಇವತ್ತಿನ ಮಾತು ಮೈ ನೋಡಿ ನಾವು ಕೊಡುವ ತೀರ್ಪಿನ ಬಗ್ಗೆ, ಕೆಲಸದಿಂದ ಬಂದ ಕಾಯಿಲೆ ಕೆಲಸ ಬಿಟ್ಟ ಮೇಲೆ ಯಾರ ಹೊಣೆ ಅನ್ನುವುದರ ಬಗ್ಗೆ. ಅದರಲ್ಲಿ ಅರ್ಧ ನಿಮಗೇ ಹೇಳಬೇಕಾದದ್ದು.

ನಾನು ಇಪ್ಪತ್ತಾರು ವರ್ಷ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ನರ್ಸ್ ಆಗಿದ್ದೆ. ಐನೂರಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇಂಥದೊಂದು ಕೋಣೆ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಒಂದು ಮಂಚ, ಒಂದು ಬೀರು, ಬಾಗಿಲ ಪಕ್ಕ ತೂಕದ ಯಂತ್ರ. ವರ್ಷಕ್ಕೊಮ್ಮೆ ಚೆಕಪ್ ಇದ್ದಾಗ ಲೈನಿನಿಂದ ಹತ್ತು ಹತ್ತು ಜನರನ್ನು ಕಳಿಸುತ್ತಿದ್ದರು. ಒಬ್ಬೊಬ್ಬರಿಗೆ ಎರಡು ನಿಮಿಷ. ಚಪ್ಪಲಿ ಬಿಡಿ, ಹತ್ತಿ, ಇಳಿಯಿರಿ. ಕೆ.ಜಿ.ಯನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ನೋಡುವ ಅಂಕಿ, ಸಿಗುತ್ತದೆ. ಅದು 25 ದಾಟಿದರೆ ನಾನು ಕೆಂಪು ಪೆನ್ನಿನಲ್ಲಿ ಎರಡು ಪದ ಬರೆಯುತ್ತಿದ್ದೆ: ‘ತೂಕ ಇಳಿಸಿ’.

ಹಾಗೆ ಬರೆಸಿಕೊಂಡವರಲ್ಲಿ ಒಬ್ಬ ಅಕ್ಕ ಇದ್ದರು. ಹೆಸರು ಬೇಡ. ಕಟಿಂಗ್ ಸೆಕ್ಷನ್ನಿನಲ್ಲಿ ಹೆಲ್ಪರ್ ಆಗಿ ಸೇರಿದವರು. ಬಟ್ಟೆಯನ್ನು ಪದರ ಪದರ ಹಾಸಿ ಕತ್ತರಿಸುವಾಗ ಏಳುವ ನೂಲಿನ ದೂಳು ಹೇಗಿರುತ್ತದೆ ಅಂತ ಇಲ್ಲಿ ಬಹಳ ಜನರಿಗೆ ಗೊತ್ತು. ಸಂಜೆ ಹೊತ್ತಿಗೆ ಹುಬ್ಬು ಬೆಳ್ಳಗಾಗಿರುತ್ತದೆ. ಮೂರು ವರ್ಷ ಸಾಲಾಗಿ ಆ ಅಕ್ಕನ ತೂಕ ಏರುತ್ತಾ ಹೋಯಿತು. ಮುಖ ದುಂಡಗಾಯಿತು, ಹೊಟ್ಟೆ ಬಂತು, ಕೈಕಾಲು ಮಾತ್ರ ಸಣ್ಣಗೇ ಇದ್ದವು. ಲೈನಿನಲ್ಲಿ ಅವರನ್ನು ರೇಗಿಸುತ್ತಿದ್ದರು. ‘ಚೆನ್ನಾಗಿ ತಿಂದುಂಡು ಇದ್ದೀಯ ಕಣೇ’ ಅಂತ. ಸೂಪರ್‌ವೈಸರ್‌ಗೆ ಬೇರೆ ಕೋಪ, ಮೊದಲಿನ ಚುರುಕು ಇಲ್ಲ ಅಂತ. ನಾನೂ ಬುದ್ಧಿ ಹೇಳಿದೆ. ಅನ್ನ ಕಡಿಮೆ ಮಾಡಿ, ರಾತ್ರಿ ಬೇಗ ಊಟ ಮಾಡಿ, ನಡೆಯಿರಿ. ಅವರು ತಲೆ ಆಡಿಸಿ ಹೋಗುತ್ತಿದ್ದರು.

ನಾಲ್ಕನೇ ವರ್ಷ ಒಂದು ದಿನ ಉಸಿರು ಸಿಗದೆ ಅವರನ್ನು ಎತ್ತಿಕೊಂಡು ಬಂದರು. ಆಗ ಅವರ ಬ್ಯಾಗಿನಲ್ಲಿ ಮಾತ್ರೆ ಚೀಟಿ ನೋಡಿದೆ. ಪ್ರೆಡ್ನಿಸೊಲೋನ್. ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಉಬ್ಬಸಕ್ಕೆ ಕೊಟ್ಟ ಸ್ಟಿರಾಯ್ಡ್ ಮಾತ್ರೆಯನ್ನು ಮೂರು ವರ್ಷದಿಂದ ನುಂಗುತ್ತಿದ್ದರು. ನುಂಗಿದರೆ ಉಸಿರಾಟ ಸಲೀಸು, ಮಾರನೆಯ ದಿನ ಕೆಲಸಕ್ಕೆ ಬರಬಹುದು, ರಜೆ ಹಾಕಿ ಸಂಬಳ ಕಳೆದುಕೊಳ್ಳಬೇಕಿಲ್ಲ. ಮುಖ ದುಂಡಗಾದದ್ದು, ಹೊಟ್ಟೆ ಬಂದದ್ದು, ಸಕ್ಕರೆ ಏರಿದ್ದು ಆ ಮಾತ್ರೆಯಿಂದ. ಕೈಕಾಲು ಸಣ್ಣಗಿದ್ದು ಹೊಟ್ಟೆ, ಮುಖ ಮಾತ್ರ ತುಂಬಿಕೊಂಡರೆ ಸ್ಟಿರಾಯ್ಡ್ ಬಗ್ಗೆ ಕೇಳಬೇಕು ಅಂತ ನಾನು ನರ್ಸಿಂಗ್‌ನಲ್ಲೇ ಓದಿದ್ದೆ. ಆದರೂ ಮೂರು ವರ್ಷ ಕೇಳಲಿಲ್ಲ. ಯಂತ್ರದ ಮುಳ್ಳು ಮಾತ್ರ ನೋಡಿದೆ. ಆ ತಪ್ಪು ನನ್ನದು. ಅದನ್ನು ಹೇಳದೆ ನಾನು ಬೇರೆಯವರಿಗೆ ಏನೂ ಹೇಳುವ ಹಾಗಿಲ್ಲ.

ಆಮೇಲೆ ನಾನು ಈ ಬಿಎಂಐ ಎಲ್ಲಿಂದ ಬಂತು ಅಂತ ಹುಡುಕಿ ಓದಿದೆ. ಲೆಕ್ಕವನ್ನು ಕಂಡುಹಿಡಿದ ಅಡಾಲ್ಫ್ ಕೆಟ್ಲೆ ಡಾಕ್ಟರೇ ಅಲ್ಲ. ಬೆಲ್ಜಿಯಂನ ಗಣಿತಜ್ಞ, ನಕ್ಷತ್ರ ನೋಡುತ್ತಿದ್ದವನು. 1830ರ ದಶಕದಲ್ಲಿ ಸಾವಿರಾರು ಜನರ ಅಳತೆ ಸೇರಿಸಿ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಅಂತ ನೋಡಲು ಹೊರಟಿದ್ದ. ಒಬ್ಬೊಬ್ಬರ ಆರೋಗ್ಯ ಅಳೆಯುವುದು ಅವನ ಉದ್ದೇಶವೇ ಆಗಿರಲಿಲ್ಲ. ಇನ್ನೊಂದು ಸಂಗತಿ ನನ್ನನ್ನು ತುಂಬ ಯೋಚನೆಗೆ ಹಚ್ಚಿತು. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಮೈಯ ಲೆಕ್ಕ ಕೊಟ್ಟರು. ಇಬ್ಬರ ಬಿಎಂಐ ಕೂಡ 22.3. ಆದರೆ ಯಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ 21.2. ನಮ್ಮ ಕಡೆಯವರು ನೋಡಲು ಸಣ್ಣಗಿದ್ದರೂ ಒಳಗೆ ಕೊಬ್ಬು ಜಾಸ್ತಿ, ಸಕ್ಕರೆ ಕಾಯಿಲೆ ಬೇಗ. ಅದಕ್ಕೇ ಭಾರತದಲ್ಲಿ 25 ಅಲ್ಲ, 23 ದಾಟಿದರೇ ಜೋಪಾನ ಅನ್ನುತ್ತಾರೆ. ಅಂದರೆ ನಾನು ಕೆಂಪು ಪೆನ್ನಿನಲ್ಲಿ ಬರೆದವರಲ್ಲಿ ಕೆಲವರು ಗಟ್ಟಿಯಾಗೇ ಇದ್ದಿರಬೇಕು. ‘ಸರಿಯಾಗಿದೆ’ ಅಂತ ವಾಪಸ್ ಕಳಿಸಿದವರಲ್ಲಿ ಎಷ್ಟು ಜನರಿಗೆ ಆಗಲೇ ಸಕ್ಕರೆ ಕಾಯಿಲೆ ಶುರುವಾಗಿತ್ತೋ.

ತೂಕ ಏನನ್ನೂ ಹೇಳುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಜಾಸ್ತಿ ತೂಕದಿಂದ ಮಂಡಿ ಸವೆಯುತ್ತದೆ, ಬಿಪಿ ಏರುತ್ತದೆ, ನಿಜ. ಆದರೆ ಅದು ಪ್ರಶ್ನೆ ಕೇಳಲು ಶುರು ಮಾಡುವ ಜಾಗ. ನಾವು ಅಲ್ಲೇ ನಿಲ್ಲಿಸಿ ತೀರ್ಪು ಕೊಟ್ಟುಬಿಡುತ್ತೇವೆ. 2009ರಲ್ಲಿ, ಆಗ ನಮ್ಮ ದೇಶದ ಸರ್ಕಾರಿ ವಿಮಾನ ಕಂಪನಿಯಾಗಿದ್ದ ಏರ್ ಇಂಡಿಯಾ ತೂಕ ಜಾಸ್ತಿ ಅಂತ ಗಗನಸಖಿಯರನ್ನು ಕೆಲಸದಿಂದಲೇ ತೆಗೆಯಿತು. ನೋಡಿ, ಎಷ್ಟು ವರ್ಷದ ಕೆಲಸ ಒಂದು ಮುಳ್ಳಿನ ಮೇಲೆ ನಿಂತಿತು.

ದಪ್ಪಗಾದವರಿಗೆ ಒಂದು ತೀರ್ಪು ಇದ್ದ ಹಾಗೆ ಸೊರಗಿದವರಿಗೂ ಒಂದಿದೆ. ಅದಕ್ಕೆ ನಾವು ಕೋಲಾರ ಕಡೆ ನೋಡಬೇಕು. ನನ್ನ ತಾಯಿಯ ಕಡೆಯ ನೆಂಟರು ಕೆಜಿಎಫ್‌ನಲ್ಲಿದ್ದರು. ಚಿಕ್ಕವಳಿದ್ದಾಗ ರಜೆಗೆ ಹೋದರೆ ಸಾಲುಮನೆಗಳ ಜಗುಲಿಯ ಮೇಲೆ ಎಲುಬು ಎಣಿಸುವ ಹಾಗಿದ್ದ ಗಂಡಸರು ಕೂತಿರುತ್ತಿದ್ದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ‘ಕುಡಿದು ಕುಡಿದು ಹೀಗಾಗಿದ್ದಾರೆ’ ಅಂತ ದೊಡ್ಡವರು ಹೇಳುತ್ತಿದ್ದರು. ನಾನು ನಂಬಿದ್ದೆ.

ಅಲ್ಲಿ ಚಿನ್ನ ಇದ್ದದ್ದು ಬಿಳಿಕಲ್ಲಿನ ಪದರದೊಳಗೆ. ನೆಲದಡಿ ಮೂರು ಕಿಲೋಮೀಟರಿಗಿಂತ ಆಳದಲ್ಲಿ ಆ ಕಲ್ಲು ಕೊರೆದಾಗ ಏಳುವ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತು ಗಾಯದ ಕಲೆ ಮಾಡುತ್ತದೆ. ಅದೇ ಸಿಲಿಕೋಸಿಸ್. ಅದು ವಾಸಿ ಆಗುವುದಿಲ್ಲ. ಕ್ಷಯ ಬೇಗ ಅಂಟುತ್ತದೆ, ಮೈ ಇಳಿದುಹೋಗುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ಲೆಕ್ಕ ಹಾಕಿ ಬರೆದದ್ದೇ ಕೆಜಿಎಫ್‌ನಲ್ಲಿ. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಜನರಿಗೆ ಇದು ಇತ್ತು. ನಾನು ಜಗುಲಿಯ ಮೇಲೆ ನೋಡಿದ ಎಷ್ಟು ಜನ ಆ ಲೆಕ್ಕದವರೋ.

ಈ ಕಾಯಿಲೆ ಕೆಲಸ ಬಿಟ್ಟು ಹತ್ತು, ಇಪ್ಪತ್ತು ವರ್ಷ ಆದ ಮೇಲೂ ಕಾಣಿಸಿಕೊಳ್ಳಬಹುದು. ದೂಳು ಒಳಗಿದ್ದರೆ ಸಾಕು. ಆದರೆ ಪರಿಹಾರದ ಕಾನೂನು, ಅಂದರೆ 1923ರ ಕಾರ್ಮಿಕರ ಪರಿಹಾರ ಕಾಯ್ದೆ, ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡರೆ ಅಂತ ಗೆರೆ ಎಳೆದಿತ್ತು. ಮೈಯ ಲೆಕ್ಕಕ್ಕೂ ಕಾಗದದ ಲೆಕ್ಕಕ್ಕೂ ಎಷ್ಟು ದೂರ! 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಜೊತೆಗೆ ಗಣಿಯ ಆಸ್ಪತ್ರೆಯೂ ಮುಚ್ಚಿತು. ಕಾಯಿಲೆ ಹೊರಗೆ ಬರುವ ವಯಸ್ಸಿಗೆ ಸರಿಯಾಗಿ ಆಸ್ಪತ್ರೆ ಇಲ್ಲ. ಇಪ್ಪತ್ತು ವರ್ಷ ಪಾಳು ಬಿದ್ದಿದ್ದ ಅದೇ ಕಟ್ಟಡವನ್ನು 2021ರಲ್ಲಿ ಕೋವಿಡ್ ಹೊತ್ತಿನಲ್ಲಿ ಊರಿನವರೇ ಸೇರಿ ಗುಡಿಸಿ, ತೊಳೆದು, ಮಂಚ ಹಾಕಿದರು. ಅದನ್ನು ಕೇಳಿ ನನಗೆ ಅಳು ಬಂತು. ಆ ಕೆಲಸ ಅವರು ಮಾಡಬೇಕಾದದ್ದಾಗಿರಲಿಲ್ಲ.

ಈಗ ನಮ್ಮ ಅಕ್ಕನ ಕಥೆಗೆ ವಾಪಸ್ ಬರುತ್ತೇನೆ. ಹತ್ತೊಂಬತ್ತು ವರ್ಷ ಸರ್ವಿಸ್ ಆಗಿತ್ತು, ವಯಸ್ಸು ನಲವತ್ತಾರು. ಉಬ್ಬಸ ಜಾಸ್ತಿಯಾಗಿ ಕೆಲಸ ಬಿಟ್ಟರು. ಗ್ರಾಚ್ಯುಟಿ ಬಂತು, ಪಿಎಫ್ ಬಂತು. ಕಾನೂನಿನ ಪ್ರಕಾರ ಎಲ್ಲ ಸರಿ. ಎರಡು ವರ್ಷದಲ್ಲಿ ದುಡ್ಡು ಔಷಧಿಗೆ, ಮಗಳ ಬಾಣಂತನಕ್ಕೆ ಕರಗಿತು. ಒಂದು ದಿನ ಗೇಟಿಗೆ ಬಂದರು. ಹಳೆಯ ಚೆಕಪ್ ಕಾಗದ ಬೇಕು, ಡಾಕ್ಟರು ಕೇಳಿದ್ದಾರೆ ಅಂತ. ಸೆಕ್ಯೂರಿಟಿ ಒಳಗೆ ಬಿಡಲಿಲ್ಲ. ‘ನೀವು ಈಗ ನಮ್ಮವರಲ್ಲ’ ಅಂದರಂತೆ. ನನಗೆ ಗೊತ್ತಾದದ್ದು ಮೂರು ದಿನ ಕಳೆದ ಮೇಲೆ. ಫೈಲ್ ತೆಗೆದು ನೋಡಿದೆ. ಅವರು ಬಿಟ್ಟ ಕಾರಣ ಅಂತ ಪರ್ಸನಲ್ ಡಿಪಾರ್ಟ್‌ಮೆಂಟಿನವರು ಎರಡು ಪದ ಬರೆದಿದ್ದರು: ‘ಸ್ವಂತ ಕಾರಣ’. ಅದೇ ಫೈಲಿನಲ್ಲಿ ಅದಕ್ಕಿಂತ ಮೊದಲು ನನ್ನ ಎರಡು ಪದ ಇತ್ತು. ಇಷ್ಟೇ ಅವರ ಹತ್ತೊಂಬತ್ತು ವರ್ಷ. ದೂಳಿನ ಮಾತು ಎಲ್ಲೂ ಇಲ್ಲ.

ಪರ್ಸನಲ್‌ನವರೇ, ನೀವು ಬರೆಯುವ ಆ ಪದ ಬಹಳ ದೊಡ್ಡದು. ಇಎಸ್‌ಐನಲ್ಲಿ, ಅಂದರೆ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಯಲ್ಲಿ, ಕನಿಷ್ಠ ಐದು ವರ್ಷ ಇದ್ದು ವಯಸ್ಸಾಗಿ ನಿವೃತ್ತಿ ಆದವರು ವರ್ಷಕ್ಕೆ ₹120 ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಸಿಗುತ್ತದೆ. ತಿಂಗಳಿಗೆ ಹತ್ತೇ ರೂಪಾಯಿ. ಸ್ವಯಂ ನಿವೃತ್ತಿ ಯೋಜನೆಯಲ್ಲಿ ಹೊರಬಂದವರಿಗೂ, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡವರಿಗೂ ಈ ದಾರಿ ಇದೆ. ಸುಮ್ನೆ ‘ರಾಜೀನಾಮೆ’ ಅಂತ ಬರೆದರೆ ಆ ದಾರಿ ಮುಚ್ಚಿಹೋಗುತ್ತದೆ. ಕಾಯಿಲೆಯಿಂದ ಬಿಡುವವರನ್ನು ಕೂರಿಸಿಕೊಂಡು ಇದನ್ನು ವಿವರಿಸಲು ಎಷ್ಟು ಹೊತ್ತು ಬೇಕು? ಹತ್ತು ನಿಮಿಷ ಸಾಕು.

‘ಸಂಬಳ ಕೊಟ್ಟಿದ್ದೇವೆ, ಇಎಸ್‌ಐಗೆ ನಮ್ಮ ಪಾಲು 3.25 ಶೇಕಡಾ ಕಟ್ಟಿದ್ದೇವೆ, ಬಿಟ್ಟು ಹೋದವರನ್ನು ಎಷ್ಟು ವರ್ಷ ನೋಡಿಕೊಳ್ಳೋದು’ ಅಂತ ಮಾಲೀಕರು ಕೇಳುತ್ತಾರೆ. ಇದು ಸುಳ್ಳು ಪ್ರಶ್ನೆ ಅಲ್ಲ. ಮೂವತ್ತು ಜನರ ಸಣ್ಣ ವರ್ಕ್‌ಶಾಪಿನವರು ಹಳಬರ ಆಸ್ಪತ್ರೆ ಬಿಲ್ ಕಟ್ಟಲು ಆಗುವುದಿಲ್ಲ, ನನಗೂ ಗೊತ್ತು. ಎಲ್ಲರ ಎಲ್ಲ ಕಾಯಿಲೆಯ ಖರ್ಚೂ ಮಾಲೀಕರದೇ ಅಂತ ನಾನು ಹೇಳುವುದಿಲ್ಲ. ಆದರೆ ಕೆಲಸದಿಂದ ಬಂದ ಕಾಯಿಲೆ ಇದೆಯಲ್ಲ, ಕಲ್ಲಿನ ದೂಳು, ನೂಲಿನ ದೂಳು, ಕೆಮಿಕಲ್ಲು, ಅದಕ್ಕೆ ಎರಡು ವರ್ಷದ ಗೆರೆ ಬೇಡ. ಕೆಲಸ ಬಿಟ್ಟವರ ಎದೆಯಲ್ಲೇ ಆ ದೂಳು ಇದೆ. ಬಂದ ಲಾಭ ಕಂಪನಿಯಲ್ಲಿ ಉಳಿಯಿತು. ಕಾಯಿಲೆ ಎಷ್ಟೇ ವರ್ಷಕ್ಕೆ ಬರಲಿ, ಅದು ಕಂಪನಿಯ ಸಾಲ.

ಉಳಿದದ್ದಕ್ಕೆ ದುಡ್ಡಿಗಿಂತ ಮನಸ್ಸು ಜಾಸ್ತಿ ಬೇಕು. ಬಿಟ್ಟು ಹೋಗುವ ದಿನ ಪಿಎಫ್ ಫಾರ್ಮಿನ ಜೊತೆ ಆರೋಗ್ಯದ ಕಾಗದಗಳ ನಕಲನ್ನೂ ಕೈಗೆ ಕೊಡಿ. ಯಾವ ಸೆಕ್ಷನ್ನಿನಲ್ಲಿ ಎಷ್ಟು ವರ್ಷ ಇದ್ದರು ಅಂತ ಅದರಲ್ಲಿ ಬರೆಯಿರಿ. ಮುಂದೆ ಡಾಕ್ಟರ್ ಮೊದಲು ಕೇಳಬೇಕಾದದ್ದೇ ಅದು. ಹಳಬರು ಗೇಟಿಗೆ ಬಂದರೆ ಒಳಗೆ ಕರೆದು ಕೂರಿಸಿ. ದೊಡ್ಡ ಕಂಪನಿಗಳು ಹತ್ತು ವರ್ಷ ದಾಟಿದವರಿಗೆ ಒಂದು ಸಣ್ಣ ನಿಧಿ ಇಡಬಹುದು. ದೀಪಾವಳಿಗೆ ಹಂಚುವ ಸ್ವೀಟ್ ಬಾಕ್ಸಿನ ಖರ್ಚಿನಲ್ಲೇ ಶುರು ಮಾಡಬಹುದು.

ಪಿಂಚಣಿ ಇದೆಯಲ್ಲ ಅನ್ನಬೇಡಿ. ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ ₹1000 ಆಯಿತು. ಒಂದು ಇನ್ಹೇಲರ್, ಸಕ್ಕರೆ ಮಾತ್ರೆ ತಂದರೆ ಎಷ್ಟು ಉಳಿಯುತ್ತದೆ? ಅದಕ್ಕೇ ನಮ್ಮ ಹೆಣ್ಣುಮಕ್ಕಳು ಪಿಎಫ್ ದುಡ್ಡನ್ನು ಅಷ್ಟು ಹಿಡಿದುಕೊಂಡಿರುವುದು. 2016ರ ಏಪ್ರಿಲ್‌ನಲ್ಲಿ, 58 ವರ್ಷದ ತನಕ ಪೂರ್ತಿ ಪಿಎಫ್ ತೆಗೆಯುವ ಹಾಗಿಲ್ಲ ಅನ್ನುವ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಮೆಷಿನ್ ಬಿಟ್ಟು ಬೆಂಗಳೂರಿನ ರಸ್ತೆಗೆ ಬಂದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಇಲ್ಲಿ ಕೂತಿರುವ ಕೆಲವರು ಅವತ್ತು ಅಲ್ಲಿದ್ದಿರಿ. ಸುದ್ದಿಯಲ್ಲಿ ಅದನ್ನು ಗಲಾಟೆ ಅಂದರು. ಡಿಸ್ಪೆನ್ಸರಿಯಲ್ಲಿ ಕೂತ ನನಗೆ ಗೊತ್ತಿತ್ತು, ಕಾಯಿಲೆ ಬಿದ್ದರೆ ಅವರ ಕೈಯಲ್ಲಿರುವುದು ಅದೊಂದೇ ಅಂತ.

ಆ ಅಕ್ಕನ ಮನೆಗೆ ನಾನು ಆಮೇಲೆ ಹೋದೆ. ಕಾಗದಗಳ ನಕಲು ಕೊಟ್ಟೆ, ಕ್ಷಮೆ ಕೇಳಿದೆ. ‘ಅಯ್ಯೋ ಸಿಸ್ಟರ್, ನೀವು ಬುದ್ಧಿ ಹೇಳಿದ್ದೇ ಒಳ್ಳೇದಕ್ಕೆ ಅಲ್ವಾ’ ಅಂದು ಕಾಫಿ ಕೊಟ್ಟರು. ಮಾತ್ರೆ ಮೆಲ್ಲಗೆ ಕಡಿಮೆ ಮಾಡಿ ಇನ್ಹೇಲರ್ ಶುರು ಮಾಡಿದ್ದರು. ಮುಖ ಮೊದಲಿನ ಹಾಗೆ ಆಗುತ್ತಿತ್ತು. ಬೀದಿಯವರು ಈಗ ‘ಯಾಕಮ್ಮ ಇಷ್ಟು ಸೊರಗಿದ್ದೀಯ’ ಅಂತ ಕೇಳುತ್ತಾರೆ ಅಂದರು.

ಹೊರಗೆ ಮೆಟ್ಟಿಲ ಹತ್ತಿರ ಒಂದು ಟೇಬಲ್ ಹಾಕಿದ್ದೇವೆ. ₹120ರ ಇಎಸ್‌ಐ ಫಾರ್ಮ್ ತುಂಬಿಸಲು ಇಬ್ಬರು ಹುಡುಗಿಯರು ಕೂತಿರುತ್ತಾರೆ. ಹಳೆಯ ಕಾರ್ಡ್ ತಂದವರು ಅವರಿಗೆ ತೋರಿಸಿ. ಕಾರ್ಡ್ ಇಲ್ಲದವರು ಯಾವ ಕಂಪನಿ, ಯಾವ ಸೆಕ್ಷನ್, ಎಷ್ಟು ವರ್ಷ ಅಂತ ಹೇಳಿ, ಬರೆದುಕೊಳ್ಳುತ್ತಾರೆ. ಉಬ್ಬಸ ಇರುವವರು ನನ್ನ ಹತ್ತಿರ ಬನ್ನಿ, ನುಂಗುವ ಮಾತ್ರೆ ಚೀಟಿ ತೋರಿಸಿ. ನೀವಾಗೇ ಮಾತ್ರೆ ನಿಲ್ಲಿಸಬೇಡಿ. ಸ್ಟಿರಾಯ್ಡನ್ನು ಒಮ್ಮೆಲೇ ಬಿಟ್ಟರೆ ಅಪಾಯ. ಊಟ ಒಂದೂವರೆಗೆ.