ಬಯಾಲಜಿ ತಗೊಂಡ್ರೂ ಲೆಕ್ಕ ಬಿಡಲ್ಲ

ಎಲ್ಲರಿಗೂ ನಮಸ್ಕಾರ. ನಾನು ಆಸ್ಪತ್ರೆ ನರ್ಸ್. ಹತ್ತನೇ ರಿಸಲ್ಟ್ ಬಂದಾಗಿಂದ ನಮ್ಮ ಮುಂಬೈಲಿ, ಮಾಟುಂಗಾ ಮಾರ್ಕೆಟ್ಟಲ್ಲಿ, ಲೋಕಲ್ ಟ್ರೇನಲ್ಲಿ, ಎಲ್ಲಿ ಸಿಕ್ಕಿದ್ರೂ ಒಂದೇ ಮಾತು, "ಸಿಸ್ಟರ್, ನಮ್ಮ ಹುಡುಗಿಗೆ ಮ್ಯಾಥ್ಸ್ ಆಗಿಬರಲ್ಲ, ಅದಕ್ಕೇ ಬಯಾಲಜಿ ಕೊಡಿಸಿ ನರ್ಸಿಂಗೋ ಫಾರ್ಮಸಿಯೋ ಮಾಡಿಸ್ತೀವಿ." ಹನ್ನೊಂದನೇಲಿ ಮ್ಯಾಥ್ಸ್ ಬಿಡೋಕೆ ಇಲ್ಲಿ ಅವಕಾಶ ಇದೆ, ಬಿಡ್ಲಿ, ನಂದೇನೂ ತಕರಾರಿಲ್ಲ. ಆದ್ರೆ ವಾರ್ಡಿಗೆ ಕಾಲಿಟ್ಟ ದಿನಾನೇ ಅದು ಎದುರು ಬರತ್ತೆ. ಕ್ಯಾಲ್ಕುಲಸ್ ಅಲ್ಲ ಮಾರಾಯ್ರೆ, ಶಾಲೇಲಿ ಕಲಿತ ತ್ರೈರಾಶಿ, ಇಷ್ಟಕ್ಕೆ ಅಷ್ಟಾದ್ರೆ ಇನ್ನಿಷ್ಟಕ್ಕೆ ಎಷ್ಟು ಅನ್ನೋ ಲೆಕ್ಕ!

ನಮ್ಮ ಬಿಲ್ಡಿಂಗಲ್ಲಿ ಒಬ್ರು ಅಜ್ಜಿ, ಹೆಸರು ಬೇಡ. ದಿನಾ ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್. ಒಂದ್ಸಲ ಶುಗರ್ ಏರಿದ್ದು ಇಳೀಲೇ ಇಲ್ಲ. ಮಗ ಡಾಕ್ಟರನ್ನ ಬಯ್ದ, ಸೊಸೆ ಆಪೂಸ್ ಮಾವಿನಹಣ್ಣನ್ನ ಬಯ್ದಳು, ಅಜ್ಜಿ ಸಾಡೇಸಾತಿ ಅಂದ್ರು. ನಾನು ಹೋಗಿ ನೋಡ್ತೀನಿ, ಬಾಟ್ಲಿ ಮೇಲೆ ಎಂಎಲ್‌ಗೆ 40 ಯೂನಿಟ್ ಅಂತ ಇದೆ, ಸಿರಿಂಜ್ ಮಾತ್ರ ಕಿತ್ತಳೆ ಟೋಪಿದು, ಅಂದ್ರೆ ಎಂಎಲ್‌ಗೆ 100 ಯೂನಿಟ್ ಲೆಕ್ಕದ್ದು. 40ರ ಬಾಟ್ಲಿಗೆ ಕೆಂಪು ಟೋಪಿದೇ ಆಗ್ಬೇಕು. ಕಿತ್ತಳೆದ್ರಲ್ಲಿ 20ರ ಗೆರೆ ತನಕ ಎಳೆದ್ರೆ ಬರೋದು 0.2 ಎಂಎಲ್, ಅಷ್ಟರಲ್ಲಿ ಇರೋದು 8 ಯೂನಿಟ್. ಪಾಪ, ಮಾವಿನಹಣ್ಣು ಸುಮ್ನೆ ಬೈಸಿಕೊಳ್ತು! ಇದೇ ಉಲ್ಟಾ ಆಗಿ 100ರ ಔಷಧಿ ಕೆಂಪು ಟೋಪಿ ಸಿರಿಂಜಿಗೆ ಬಂದಿದ್ರೆ 20ರ ಬದಲು 50 ಯೂನಿಟ್ ಒಳಗೆ ಹೋಗಿ, ಶುಗರ್ ಕುಸಿದು, ಜೀವಕ್ಕೇ ಸಂಚಕಾರ. ಯಾವ ಲೆಕ್ಕ ಇದು? ತ್ರೈರಾಶಿ.

ಮಕ್ಕಳ ವಾರ್ಡಲ್ಲೂ ಅದೇ. ಡಾಕ್ಟರ್ 150 ಎಂಜಿ ಪ್ಯಾರಾಸಿಟಮಾಲ್ ಬರೀತಾರೆ, 5 ಎಂಎಲ್‌ಗೆ 250 ಇರೋ ಸಿರಪ್ ಆದ್ರೆ 3 ಎಂಎಲ್, 120 ಇರೋದಾದ್ರೆ 6.25. ಚಮಚದ ಲೆಕ್ಕ ನಂಬೋಕಾಗತ್ತಾ?

ಇನ್ನೊಂದು, ಇದು ನಮ್ಮ ಮುಂಬೈದೇ ಕಥೆ ಆದ್ರಿಂದ ಹೇಳದೆ ಬಿಡಲ್ಲ. 1896ರಲ್ಲಿ ಇಲ್ಲಿಗೆ ಪ್ಲೇಗ್ ಬಂತಲ್ಲ, ಅದು ವರ್ಷಗಟ್ಲೆ ಹೋಗ್ಲೇ ಇಲ್ಲ. 1905-06ರಲ್ಲಿ ವಾರಕ್ಕೆ ಎಷ್ಟು ಜನ ಸತ್ರು ಅಂತ ಬರೆದಿಟ್ಟಿದ್ದ ಲೆಕ್ಕಾನ 1927ರಲ್ಲಿ ಕೆರ್ಮ್ಯಾಕ್, ಮೆಕೆಂಡ್ರಿಕ್ ಅಂತ ಇಬ್ರು, ರೋಗ ಹೇಗೆ ಹರಡತ್ತೆ ಅನ್ನೋ ತಮ್ಮ ಸಮೀಕರಣಕ್ಕೆ ಹೊಂದಿಸಿ ನೋಡಿದ್ರು. ಕೆರ್ಮ್ಯಾಕ್‌ಗೆ ಲ್ಯಾಬಿನ ಸ್ಫೋಟದಲ್ಲಿ ಕಣ್ಣೇ ಹೋಗಿತ್ತು, ಮೆಕೆಂಡ್ರಿಕ್ ಇಂಡಿಯಾದಲ್ಲಿ ಕೆಲಸ ಮಾಡಿ ವಾಪಸ್ ಹೋದ ಡಾಕ್ಟರ್. ರೋಗ ತಗಲಬಹುದಾದವರು, ತಗಲಿದವರು, ವಾಸಿಯಾಗಿಯೋ ಸತ್ತೋ ಆಟದಿಂದ ಹೊರಗೆ ಹೋದವರು, ಹೀಗೆ ಮೂರೇ ಗುಂಪು. ಕೊರೊನಾದಲ್ಲಿ ಟಿವಿಯವರು ಅಲೆ ಏರತ್ತೆ ಇಳಿಯತ್ತೆ ಅಂತಿದ್ರಲ್ಲ, ಅದಕ್ಕೆ ಹಾಕ್ತಿದ್ದ ಲೆಕ್ಕದ ಬೇರು ಇದರಲ್ಲೇ ಇದೆ. ಆ ಸಾವುಗಳನ್ನ ವಾರವಾರ ಎಣಿಸಿ ಬರೆದ ಗುಮಾಸ್ತ ಯಾರೋ, ಅವನ ಹೆಸರು ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ. ನನಗೆ ಅವನ ಮೇಲೇ ಪ್ರೀತಿ ಜಾಸ್ತಿ.

ಸೆಕ್ರೆಟರಿಯವರು ವಾಚ್ ತೋರಿಸ್ತಿದ್ದಾರೆ, ಆಯ್ತು ಸಾರ್. ಗಣಿತ ನಿಜವಾಗ್ಲೂ ಇಷ್ಟ ಇರೋ ಮಕ್ಕಳಿದ್ರೆ ಕೇಳ್ರಪ್ಪ, ದೇವನಾರಲ್ಲಿ ಜನಸಂಖ್ಯೆ ಅಧ್ಯಯನದ ಸಂಸ್ಥೆ ಇದೆ, ಐಐಪಿಎಸ್, ಅಲ್ಲಿ ಬಯೋಸ್ಟಾಟಿಸ್ಟಿಕ್ಸ್, ಅಂದ್ರೆ ಆರೋಗ್ಯದ ಅಂಕಿಅಂಶದ ಲೆಕ್ಕ, ಕಲೀಬಹುದು. ಫಿಸಿಕ್ಸ್ ಎಂಎಸ್ಸಿ ಮಾಡಿದವರಿಗೆ ಭಾಭಾ ಅಣು ಸಂಶೋಧನಾ ಕೇಂದ್ರ, ಅಂದ್ರೆ ಬಿಎಆರ್‌ಸೀಲಿ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ, ಕ್ಯಾನ್ಸರಿಗೆ ಡಾಕ್ಟರ್ ಬರೆದ ರೇಡಿಯೇಷನ್ನನ್ನ ಹೇಗೆ ಸರಿಯಾಗಿ ಕೊಡ್ಬೇಕು ಅಂತ ಲೆಕ್ಕ ಹಾಕೋರು ಅವ್ರೇ.

ಊಟಕ್ಕೆ ಹೋಗೋ ಮುಂಚೆ ಒಂದೇ ಒಂದು. 500 ಎಂಎಲ್ ಸಲೈನ್ 8 ಗಂಟೇಲಿ ಹೋಗ್ಬೇಕು, 20 ಹನಿಗೆ 1 ಎಂಎಲ್. ನಿಮಿಷಕ್ಕೆ ಎಷ್ಟು ಹನಿ? ಫೋನ್ ಒಳಗಿಡಿ, ಅಪ್ಪ ಅಮ್ಮಂದಿರೂ ಅಷ್ಟೇ.